ಭಯ ಮತ್ತು ಫೋಬಿಯಾ

ಅಪಾಯವನ್ನು ಕಂಡಾಗ ಅಥವಾ ಊಹಿಸಿದಾಗ ಸಹಜವಾಗಿ ಉಂಟಾಗುವ ಭಾವವೇ ಭಯ. ಯಾವುದೋ ಒಂದು ವಸ್ತು, ಪ್ರಾಣಿ ಅಥವಾ ಸನ್ನಿವೇಶದ ಕುರಿತು, ನಿಜವಾದ ಅಪಾಯಕ್ಕೆ ಹೊಂದಿಕೆಯಾಗದಷ್ಟು ತೀವ್ರವಾಗಿ, ಬಹುಕಾಲ ಉಳಿಯುವ ಭಯವನ್ನು ಫೋಬಿಯಾ ಎನ್ನುತ್ತಾರೆ. ಮನೋವೈದ್ಯಶಾಸ್ತ್ರವು ಇದನ್ನು ಆತಂಕದ ಕಾಯಿಲೆಗಳ ಗುಂಪಿಗೆ ಸೇರಿಸಿದೆ. ಗ್ರೀಕ್ ಪುರಾಣದಲ್ಲಿ ಫೋಬೋಸ್ ಯುದ್ಧದೇವತೆ ಏರಿಸ್‌ನ ಮಗ. ಅವನ ಹೆಸರಿಗೆ ಭಯವೆಂದೇ ಅರ್ಥ. ಕನ್ನಡದಲ್ಲಿ ಅಳುಕು, ಅಂಜಿಕೆ, ದಿಗಿಲು, ಹೆದರಿಕೆ ಎಂಬ ಪದಗಳಿದ್ದರೂ ಈ ಸ್ಥಿತಿಗೆ ಫೋಬಿಯಾ ಎಂಬ ಪದವೇ ರೂಢಿಯಲ್ಲಿದೆ.

ವ್ಯತ್ಯಾಸ

ಭಯವು ಸ್ವತಃ ದೋಷವಲ್ಲ. ಭರತನ ನಾಟ್ಯಶಾಸ್ತ್ರವು ಅದನ್ನು ಭಯಾನಕ ರಸದ ಸ್ಥಾಯಿಭಾವವೆಂದು ಎಣಿಸಿದೆ. ಗದ್ದೆಯ ಬದುವಿನಲ್ಲಿ ನಾಗರಹಾವನ್ನು ಕಂಡು ಹಿಂದೆ ಸರಿಯುವವನನ್ನು ಅವನ ಭಯವೇ ಕಾಪಾಡುತ್ತದೆ. ಹಾವು ಮರೆಯಾದ ಮೇಲೆ ಎದೆಬಡಿತ ಇಳಿಯುತ್ತದೆ, ಅವನು ಮತ್ತೆ ಗದ್ದೆಗೆ ಹೋಗುತ್ತಾನೆ. ಫೋಬಿಯಾ ಇರುವವನಾದರೋ ಪಠ್ಯಪುಸ್ತಕದಲ್ಲಿನ ಹಾವಿನ ಚಿತ್ರಕ್ಕೂ ಬೆವರಬಹುದು. ಹಾವು ಇದ್ದೀತೆಂದು ಗದ್ದೆಯ ಕೆಲಸವನ್ನೇ ಬಿಡಬಹುದು.

ಹಗ್ಗವನ್ನು ಹಾವೆಂದು ಭ್ರಮಿಸಿದವನ ಭಯ ದೀಪ ತಂದೊಡನೆ ತೊಲಗುತ್ತದೆ ಎಂಬ ವೇದಾಂತದ ದೃಷ್ಟಾಂತ ಇಲ್ಲಿ ಹೊಂದುವುದಿಲ್ಲ. ಫೋಬಿಯಾ ಇರುವ ಅನೇಕರಿಗೆ ತಮ್ಮ ಭಯ ಅತಿಯಾದುದೆಂದು ತಿಳಿದೇ ಇರುತ್ತದೆ. ತಿಳಿದರೂ ಅದು ಹೋಗದು. ಆದ್ದರಿಂದ "ಧೈರ್ಯ ತಂದುಕೋ" ಎಂಬ ಬುದ್ಧಿವಾದದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ, ಇಂಥ ಭಯ ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಉಳಿದು, ಗಣನೀಯ ಯಾತನೆಯನ್ನು ಉಂಟುಮಾಡಬೇಕು ಅಥವಾ ದೈನಂದಿನ ಜೀವನಕ್ಕೆ ಅಡ್ಡಿಯಾಗಬೇಕು. ಎಳೆಯ ಮಕ್ಕಳಲ್ಲಿ ಕತ್ತಲೆಯ ಹೆದರಿಕೆ ಸಾಮಾನ್ಯ. ಬಹುಪಾಲು ಬೆಳೆದಂತೆ ಕಳೆಯುತ್ತದೆ. ಅದನ್ನು ಫೋಬಿಯಾ ಎನ್ನಲಾಗದು. ರೇಬಿಸ್ ರೋಗಿಯ ಜಲಭೀತಿಯೂ ಫೋಬಿಯಾ ಅಲ್ಲ. ಅದು ಗಂಟಲಿನ ಸ್ನಾಯುಗಳ ಸೆಳೆತದಿಂದ ಬರುವ ರೋಗಲಕ್ಷಣ.

ರಕ್ತ ಮತ್ತು ಸೂಜಿಯ ಭೀತಿ

ಇದು ಉಳಿದವುಗಳಿಗಿಂತ ಭಿನ್ನ. ಸಾಮಾನ್ಯವಾಗಿ ಭಯದಲ್ಲಿ ರಕ್ತದೊತ್ತಡ ಏರುತ್ತದೆ. ಇಲ್ಲಿ ಮೊದಲು ಏರಿ, ಅನಂತರ ಥಟ್ಟನೆ ಕುಸಿಯುವುದರಿಂದ ವ್ಯಕ್ತಿ ಮೂರ್ಛೆ ಹೋಗಬಹುದು. ಶಾಲೆಯಲ್ಲಿ ಚುಚ್ಚುಮದ್ದಿನ ದಿನ ಕುಸಿದು ಬೀಳುವ ಮಗುವನ್ನು ಪುಕ್ಕಲನೆಂದು ಹಾಸ್ಯಮಾಡುವುದು ಅನ್ಯಾಯವೇ ಸರಿ. ಈ ಭೀತಿಯಿಂದ ರಕ್ತಪರೀಕ್ಷೆ, ಲಸಿಕೆಗಳನ್ನು ವರ್ಷಗಟ್ಟಲೆ ಮುಂದೂಡುವ ವಯಸ್ಕರೂ ಇದ್ದಾರೆ. ಕೈಕಾಲುಗಳ ಸ್ನಾಯುಗಳನ್ನು ಬಿಗಿಹಿಡಿದು ರಕ್ತದೊತ್ತಡ ಕುಸಿಯದಂತೆ ತಡೆಯುವ ವಿಧಾನವನ್ನು ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್-ಗೋರಾನ್ ಓಸ್ಟ್ ರೂಪಿಸಿದರು.

ಚಿಕಿತ್ಸೆ

1924ರಲ್ಲಿ ಮೇರಿ ಕವರ್ ಜೋನ್ಸ್ ಅವರು ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಬಾಲಕನ ಭಯವನ್ನು ಹೋಗಲಾಡಿಸಿದ ಬಗೆಯನ್ನು ವರದಿ ಮಾಡಿದರು. ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ದಿನದಿಂದ ದಿನಕ್ಕೆ ಹತ್ತಿರ ತರಲಾಯಿತು; ಕೊನೆಗೆ ಅವನೇ ಅದನ್ನು ಮುಟ್ಟಿದನು. ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವ ಈ ಕ್ರಮವೇ ಇಂದಿಗೂ ಮುಖ್ಯ ಚಿಕಿತ್ಸೆ. ನಾಯಿಗೆ ಹೆದರುವ ಮಗುವನ್ನು ಬಲವಂತವಾಗಿ ನಾಯಿಯ ಮುಂದೆ ತಳ್ಳುವುದು ಈ ಚಿಕಿತ್ಸೆಯಲ್ಲ. ಅದರಿಂದ ಭಯ ಹೆಚ್ಚುವ ಸಂಭವವೇ ಅಧಿಕ. ಭಾರತ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.