ನಗರ ಯೋಜನೆಯ ಉದ್ಯಮ ವೇದಿಕೆಗಳು (ಬೆಂಗಳೂರು–ರಾಮನಗರ ಸೀಮೆ)

ಉದ್ಯಮಿಗಳೂ ವೃತ್ತಿಪರರೂ ಲಾಭದ ಉದ್ದೇಶವಿಲ್ಲದೆ ಒಟ್ಟುಗೂಡಿ, ನಗರದ ಮುಂದಿನ ದಶಕಗಳ ಬೆಳವಣಿಗೆಗೆ ಯೋಜನೆ ರೂಪಿಸಿ ಸರ್ಕಾರದ ಮುಂದಿಡುವ ಸಂಘಟನೆಗಳು. ಬೆಂಗಳೂರಿನಲ್ಲಿ ಇವು ಬಲ ಪಡೆದದ್ದು 1999ರಿಂದ ಈಚೆಗೆ. ನಗರದ ಮಗ್ಗುಲಿನ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೆ ಯೋಜನೆಯ ನಕ್ಷೆಗಳಲ್ಲಿ ಬೇಗನೆ ಜಾಗ ಸಿಕ್ಕಿತು. ಯೋಜನೆ ಮಾಡುವವರ ಸಭೆಗಳಲ್ಲಿ ಸಿಗಲಿಲ್ಲ.

ಈ ಬಗೆಯ ಪ್ರಯತ್ನಕ್ಕೆ ಹಳೆಯ ಬೇರೊಂದಿದೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಎಂ. ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಶುರುವಾಯಿತು. ಅಧಿಕಾರಿಗಳ ಜೊತೆಗೆ ವರ್ತಕರು, ಜಮೀನುದಾರರು, ವಕೀಲರು ಕೂತು ಕೃಷಿ, ಶಿಕ್ಷಣ, ಕೈಗಾರಿಕೆಗಳ ಬಗ್ಗೆ ಚರ್ಚಿಸಿದರು. 1913ರ ಮೈಸೂರು ಬ್ಯಾಂಕ್, 1915ರ ಕನ್ನಡ ಸಾಹಿತ್ಯ ಪರಿಷತ್ತು, 1916ರ ಮೈಸೂರು ವಾಣಿಜ್ಯ ಮಂಡಲಿ (ಇಂದಿನ ಎಫ್‌ಕೆಸಿಸಿಐ) ಇದೇ ಹುರುಪಿನಲ್ಲಿ ಹುಟ್ಟಿದವು. ಸಮ್ಮೇಳನಕ್ಕೆ ಜಿಲ್ಲಾ ಸಮಿತಿಗಳೂ ಇದ್ದವು ಎಂಬುದು ಇಲ್ಲಿ ಮುಖ್ಯ, ಏಕೆಂದರೆ ಮುಂದೆ ಬಂದ ಬೆಂಗಳೂರಿನ ವೇದಿಕೆಗಳು ಹಾಗೆ ಜಿಲ್ಲೆಗಳಿಗೆ ಇಳಿಯಲಿಲ್ಲ. ಅದೇ ಕಾಲದಲ್ಲಿ ಸಂಸ್ಥಾನವು ಇಟಲಿಯ ತಜ್ಞರೊಬ್ಬರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ನಡೆಸಿತು. ರಾಮನಗರದ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯ ಹಿಂದೆ ಇಂಥ ದೂರದೃಷ್ಟಿಯ ಪಾಲಿದೆ.

ಸ್ವಾತಂತ್ರ್ಯಾನಂತರ ಯೋಜನೆ ಇಲಾಖೆಗಳ ಪಾಲಾಯಿತು. 1985ರ ಕಾಯ್ದೆಯಂತೆ ರಚನೆಯಾದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಬಿಎಂಆರ್‌ಡಿಎ) ವ್ಯಾಪ್ತಿ ಸುಮಾರು 8,000 ಚದರ ಕಿಲೋಮೀಟರ್. ಅದರಲ್ಲಿ ಈಗಿನ ರಾಮನಗರ ಜಿಲ್ಲೆಯ ಪಾಲೇ ದೊಡ್ಡದು. ಮಾಗಡಿ, ರಾಮನಗರ, ಕನಕಪುರಗಳನ್ನು ಹಾದು ರಾಜಧಾನಿಯನ್ನು ಸುತ್ತುವ ಉಪನಗರ ವರ್ತುಲ ರಸ್ತೆ ಕೂಡ ಈ ಪ್ರಾಧಿಕಾರದ ನಕ್ಷೆಗಳಲ್ಲಿ ಬಹುಕಾಲ ಗೆರೆಯಾಗಿಯೇ ಉಳಿದಿತ್ತು.

1999ರ ನವೆಂಬರಿನಲ್ಲಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು (ಬಿಎಟಿಎಫ್) ನೇಮಿಸಿದರು. ಇನ್ಫೊಸಿಸ್‌ನ ನಂದನ್ ನಿಲೇಕಣಿ ಅಧ್ಯಕ್ಷರು. ಪಾಲಿಕೆ, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಪೊಲೀಸ್ ಸೇರಿ ಏಳು ಸಂಸ್ಥೆಗಳ ಮುಖ್ಯಸ್ಥರು ಆಗಾಗ್ಗೆ ಸಾರ್ವಜನಿಕ ಶೃಂಗಸಭೆಯಲ್ಲಿ ನಿಂತು, ಕೊಟ್ಟ ಮಾತು ಎಷ್ಟು ನಡೆಸಿದ್ದೇವೆಂದು ಮುಖ್ಯಮಂತ್ರಿಯ ಎದುರೇ ಹೇಳಬೇಕಿತ್ತು. ಆಡಳಿತಕ್ಕೆ ಇದು ಹೊಸ ಬಿಸಿ. ಆಸ್ತಿ ತೆರಿಗೆಯ ಸ್ವಯಂ ಘೋಷಣೆ, ಪಾಲಿಕೆಯ ಲೆಕ್ಕಪತ್ರ ಸುಧಾರಣೆ, ಸುಧಾ ಮೂರ್ತಿಯವರ ನೆರವಿನ ‘ನಿರ್ಮಲ ಬೆಂಗಳೂರು’ ಶೌಚಾಲಯಗಳು ಆ ದಿನಗಳ ಫಲ. ಚುನಾಯಿತರಲ್ಲದವರು ನಗರದ ಆದ್ಯತೆ ನಿರ್ಧರಿಸುವುದು ಸರಿಯೇ ಎಂಬ ಆಕ್ಷೇಪ ಆಗಲೇ ಎದ್ದಿತ್ತು. 2004ರಲ್ಲಿ ಸರ್ಕಾರ ಬದಲಾದಾಗ ಕಾರ್ಯಪಡೆಯೂ ಕೊನೆಗೊಂಡಿತು. ಅದರ ದೃಷ್ಟಿ ಪಾಲಿಕೆಯ ಗಡಿ ದಾಟಿರಲಿಲ್ಲ. ಆದರೆ 1999ರ ಕೊನೆಗೇ ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರು ತಯಾರಿಕೆ ಆರಂಭಿಸಿತ್ತು. ನಗರದ ಆರ್ಥಿಕತೆ ಮೈಸೂರು ರಸ್ತೆ ಹಿಡಿದು ಆಗಲೇ ಹೊರಟಿತ್ತು.

ಆಮೇಲಿನವನ್ನು ಚುಟುಕಾಗಿ ಹೇಳಬಹುದು. 2001ರಲ್ಲಿ ರಮೇಶ್ ಮತ್ತು ಸ್ವಾತಿ ರಾಮನಾಥನ್ ಜನಾಗ್ರಹ ಸಂಸ್ಥೆ ಕಟ್ಟಿದರು. 2008ರಲ್ಲಿ ಯಡಿಯೂರಪ್ಪ ಸರ್ಕಾರ ‘ಅಬೈಡ್’ ಕಾರ್ಯಪಡೆ ನೇಮಿಸಿತು. 2013ರಲ್ಲಿ ಕಿರಣ್ ಮಜುಂದಾರ್ ಷಾ, ಟಿ.ವಿ. ಮೋಹನದಾಸ್ ಪೈ ಮುಂತಾದವರು ಬಿ-ಪ್ಯಾಕ್ ಸಂಘಟನೆ ಆರಂಭಿಸಿ, ವಾರ್ಡ್ ಮಟ್ಟದ ನಾಯಕರಿಗೆ ತರಬೇತಿ ಕೊಡತೊಡಗಿದರು. 2016ರ ಬೆಂಗಳೂರು ನೀಲನಕ್ಷೆ ಕಾರ್ಯತಂಡವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಇಂಥ ಯೋಜನೆಗೆ ಸಂವಿಧಾನವೇ ಒಂದು ದಾರಿ ಹೇಳಿದೆ: 243ಝಡ್‌ಇ ವಿಧಿಯ ಮಹಾನಗರ ಯೋಜನಾ ಸಮಿತಿಯಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ಪುರಸಭೆ, ಪಂಚಾಯತಿಗಳ ಪ್ರತಿನಿಧಿಗಳು ತಮ್ಮೊಳಗಿಂದ ಆರಿಸಬೇಕು. ಆ ಸಮಿತಿಗೆ ಜೀವ ಬಂದಿದ್ದರೆ ಕಾರ್ಯಪಡೆಗಳ ಅಗತ್ಯವೇ ಇಷ್ಟಿರುತ್ತಿರಲಿಲ್ಲ.

ರಾಮನಗರದ ಕಡೆಗೆ ದೊಡ್ಡ ಯೋಜನೆಗಳು ಬಂದದ್ದು ರಾಜಕಾರಣದ ದಾರಿಯಿಂದ. ರಾಮನಗರದ ಶಾಸಕ ಎಚ್.ಡಿ. ಕುಮಾರಸ್ವಾಮಿ 2006ರಲ್ಲಿ ಮುಖ್ಯಮಂತ್ರಿಯಾದಾಗ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿಗಳಲ್ಲಿ ಐದು ಉಪನಗರಗಳ ಪ್ರಸ್ತಾಪ ಬಂತು. 2007ರಲ್ಲಿ ರಾಮನಗರ ಪ್ರತ್ಯೇಕ ಜಿಲ್ಲೆಯಾಯಿತು. ಬಿಡದಿ ಉಪನಗರಕ್ಕೆ ಆಯ್ಕೆಯಾದ ಡಿಎಲ್‌ಎಫ್ ಕಂಪನಿ ನಂತರ ಹಿಂದೆ ಸರಿಯಿತು. ಗುರುತಿಸಿದ ಜಮೀನಿನ ರೈತರಿಗೆ ಮಾತ್ರ ಹೊಲ ಉಳಿಯುತ್ತದೋ ಹೋಗುತ್ತದೋ ಎಂಬ ಅನುಮಾನ ವರ್ಷಗಟ್ಟಲೆ ಬಿಡಲಿಲ್ಲ.

ಸ್ಥಳೀಯ ವ್ಯಾಪಾರದ ದನಿ ಯೋಜನೆಯಲ್ಲಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಉದಾಹರಣೆ. ಬೈಪಾಸು ರಾಮನಗರ, ಚನ್ನಪಟ್ಟಣ ಪೇಟೆಗಳನ್ನು ಬದಿಗಿಟ್ಟಿತು. ಪ್ರಯಾಣದ ಸಮಯ ಇಳಿಯಿತು, ನಿಜ. ಹಳೆಯ ರಸ್ತೆಯ ಬದಿಯಲ್ಲಿ ಅರಗಿನ ಬಣ್ಣದ ಆಲೆಮರದ ಚನ್ನಪಟ್ಟಣ ಗೊಂಬೆಗಳನ್ನು ಮಾರುತ್ತಿದ್ದ ಅಂಗಡಿಗಳ ಗಿರಾಕಿಯೂ ಇಳಿಯಿತು. ಭೌಗೋಳಿಕ ಗುರುತು ಪಡೆದ ಈ ಕಸುಬಿನವರ ಜೊತೆ ಕೆಲಸ ಮಾಡಿದ ಮಾಯಾ ಆರ್ಗ್ಯಾನಿಕ್‌ನಂಥ ಸಂಸ್ಥೆಗಳಿವೆ. ಬಿಡದಿಯ ಕಾರ್ಖಾನೆಗಳಿಗೂ ತಮ್ಮದೇ ಸಂಘವಿದೆ. ನೂಲು ಬಿಚ್ಚುವ ರೀಲರು, ಗೊಂಬೆಯ ಕುಶಲಕರ್ಮಿ, ಕಾರ್ಖಾನೆಯ ಮಾಲೀಕ ಒಟ್ಟಿಗೆ ಕೂತು ನಾಲ್ಕು ತಾಲ್ಲೂಕುಗಳ ನಾಳೆಯನ್ನು ಚರ್ಚಿಸುವ ಪ್ರಬಲ ವೇದಿಕೆ ಮಾತ್ರ ರೂಪುಗೊಂಡಿಲ್ಲ.

2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರಿಡಲು ಒಪ್ಪಿತು; ಕನಕಪುರದ ಶಾಸಕ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಇದರ ಹಿಂದಿದ್ದರು. ಬೆಂಗಳೂರನ್ನು ಕಳೆದುಕೊಂಡು ಕೆಂಪೇಗೌಡರ ವಂಶ ನೆಲೆಸಿದ್ದು ಮಾಗಡಿಯಲ್ಲೇ ಎಂಬುದನ್ನು ನೆನೆದರೆ ಈ ಹೆಸರು ಅಷ್ಟೇನೂ ಅಪರಿಚಿತವಲ್ಲ. ಅದೇ ವರ್ಷ ಬಿಡದಿ ಉಪನಗರಕ್ಕೆ ಮತ್ತೆ ಭೂಸ್ವಾಧೀನ ಪ್ರಕ್ರಿಯೆ ಶುರುವಾಯಿತು. ಇದನ್ನು ವಿರೋಧಿಸಿ ಬಿಡದಿ ಬಳಿಯ ಭೈರಮಂಗಲ ಸುತ್ತಿನ ರೈತರು ಧರಣಿ ಕೂತರು.