ಏರ್ ಫಿಲ್ಟರ್ ಕಿತ್ತರೆ ಪಿಕಪ್ ಹೆಚ್ಚುತ್ತದೆಯೇ? ಹಳೆಯ ಆಫ್‌ರೋಡ್ ಬೈಕನ್ನು ಎರೆ, ಮಸಾರಿ ದಾರಿಗೆ ಇಳಿಸುವ ಮುನ್ನ

"ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡ್ರಾ? ಏರ್ ಫಿಲ್ಟರ್ ಕಿತ್ತು ಬಿಸಾಕಿ, ಆಮೇಲೆ ಪಿಕಪ್ ನೋಡಿ" ಎನ್ನುವ ಸಲಹೆ ವಾಟ್ಸ್ಆ್ಯಪ್‌ನಲ್ಲೂ ಗ್ಯಾರೇಜ್ ಮುಂದಿನ ಮಾತಿನಲ್ಲೂ ಆಗಾಗ ಕೇಳಿಬರುತ್ತದೆ. ಡಾಂಬರು ರಸ್ತೆಯಲ್ಲಷ್ಟೇ ಓಡಿಸುವವರಿಗೂ ಇದು ತಪ್ಪು ಸಲಹೆಯೇ. ಯಾದಗಿರಿ, ಶಹಾಪುರ, ಸುರಪುರದ ಮಣ್ಣಿನ ದಾರಿಯಲ್ಲಂತೂ ಇಂಜಿನ್ನಿನ ಪ್ರಾಣ ತೆಗೆಯುವ ಸಲಹೆ.

2011ರಲ್ಲಿ ಬಂದ ಹೀರೊ ಇಂಪಲ್ಸ್, 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೊ ಎಕ್ಸ್‌ಪಲ್ಸ್ 200 ಈಗ ಹಳೆ ಗಾಡಿಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಕೊಂಡವರು ಮೊದಲು ದುಡ್ಡು ಹಾಕುವುದು ಫಾಗ್ ಲೈಟ್, ಕ್ರ್ಯಾಶ್ ಗಾರ್ಡ್, ಸ್ಟಿಕರ್‌ಗೆ. ಆದರೆ ಗುಡ್ಡದ ಬುಡದ ಕಾಲುದಾರಿಗೋ ಕಾಲುವೆ ಪಕ್ಕದ ಕಚ್ಚಾ ರಸ್ತೆಗೋ ಇಳಿಯುವವರ ಮೊದಲ ಖರ್ಚು ಫಿಲ್ಟರ್, ಬ್ರೇಕ್, ಬೇರಿಂಗ್, ಟೈರ್‌ಗೆ ಹೋಗಬೇಕು.

ಒಂದು ಗಂಟೆಗೆ ಎಷ್ಟು ಧೂಳು?

200 ಸಿಸಿಯ ನಾಲ್ಕು ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಗಾಳಿ ಎಳೆದುಕೊಳ್ಳುತ್ತದೆ. ನಿಮಿಷಕ್ಕೆ 6000 ಸುತ್ತು, ಥ್ರಾಟಲ್ ಪೂರ್ತಿ ತೆರೆದಿದೆ ಎಂದುಕೊಳ್ಳಿ. ಆಗ ನಿಮಿಷಕ್ಕೆ 600 ಲೀಟರ್, ಗಂಟೆಗೆ 36,000 ಲೀಟರ್ ಗಾಳಿ ಒಳಹೋಗುತ್ತದೆ. ಇದು ಗರಿಷ್ಠ ಲೆಕ್ಕ. ನಿಧಾನವಾಗಿ ಓಡಿಸಿದಾಗ ಕಡಿಮೆ ಇರುತ್ತದೆ, ಆದರೂ ಸಾವಿರಗಟ್ಟಲೆ ಲೀಟರ್. ಮುಂದಿನ ಬೈಕ್ ಎಬ್ಬಿಸಿದ ಧೂಳೆಲ್ಲ ಈ ಗಾಳಿಯೊಂದಿಗೇ ಬರುತ್ತದೆ.

ಶಹಾಪುರ, ಸುರಪುರದ ಗುಡ್ಡಗಳು ಗ್ರಾನೈಟ್ ಬಂಡೆಯವು. ಅವು ಸವೆದು ಉಂಟಾದ ಮಸಾರಿ ಮಣ್ಣಿನಲ್ಲಿ ಕ್ವಾರ್ಟ್ಜ್ ಕಣಗಳಿರುತ್ತವೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7ನೇ ಸ್ಥಾನ. ಬೋರ್‌ನ ಎರಕದ ಕಬ್ಬಿಣ ಅದಕ್ಕಿಂತ ಮೆದು. ಫಿಲ್ಟರ್ ಇಲ್ಲದಿದ್ದರೆ ಈ ಪುಡಿ ಇಂಜಿನ್ ಆಯಿಲ್‌ನೊಂದಿಗೆ ಬೆರೆತು ಪಿಸ್ಟನ್ ರಿಂಗ್ ಮತ್ತು ಬೋರ್ ನಡುವೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಮೊದಲು ಆಯಿಲ್ ಕಡಿಮೆಯಾಗುತ್ತದೆ, ಆಮೇಲೆ ಸೈಲೆನ್ಸರ್‌ನಿಂದ ನೀಲಿ ಹೊಗೆ, ಕೊನೆಗೆ ಬೋರ್ ಕೆಲಸ.

ಹಾಗಾದರೆ "ಪಿಕಪ್ ಹೆಚ್ಚಿತು" ಎಂದು ಅನಿಸುವುದೇಕೆ? ಕಟ್ಟಿಕೊಂಡ ಫಿಲ್ಟರ್ ತೆಗೆದಾಗ ಗಾಳಿ ಸಲೀಸಾಗಿ ಹೋಗುತ್ತದೆ, ಶಬ್ದವೂ ಜೋರಾಗುತ್ತದೆ. ಹೊಸ ಫಿಲ್ಟರ್ ಹಾಕಿದರೂ ಕಟ್ಟಿಕೊಂಡಿದ್ದ ಬಲ ಹಿಂತಿರುಗುತ್ತದೆ, ಇಂಜಿನ್ ಉಳಿಯುತ್ತದೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಫಿಲ್ಟರ್ ತೆಗೆದರೆ ಪೆಟ್ರೋಲಿಗಿಂತ ಗಾಳಿ ಜಾಸ್ತಿಯಾಗಿ ಇಂಜಿನ್ ಹೆಚ್ಚು ಬಿಸಿಯಾಗುವ ಅಪಾಯವೂ ಇದೆ.

ಹಳೆ ಗಾಡಿ ನೋಡುವಾಗ ಫಿಲ್ಟರ್ ಬಾಕ್ಸ್ ತೆಗೆಸಿ, ಫಿಲ್ಟರ್ ದಾಟಿ ಇಂಜಿನ್ ಕಡೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಧೂಳು ಹತ್ತಿದರೆ ಫಿಲ್ಟರ್ ಸರಿಯಾಗಿ ಕೂತಿರಲಿಲ್ಲ ಎಂದರ್ಥ. ಆ ಗಾಡಿಗೆ ಎಷ್ಟೇ ಹೊಳಪಿದ್ದರೂ ನಾನಾದರೆ ಬಿಟ್ಟುಬಿಡುತ್ತೇನೆ. ಎಣ್ಣೆ ಸವರಿ ಬರುವ ಪೇಪರ್ ಫಿಲ್ಟರನ್ನು ಗಾಳಿ ಹೊಡೆದು ಮತ್ತೆ ಹಾಕುವಂತಿಲ್ಲ, ಬದಲಿಸಬೇಕು. ಫೋಮ್ ಫಿಲ್ಟರನ್ನು ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಾಕಬಹುದು. ಧೂಳಿನ ದಾರಿಗೆ ಮ್ಯಾನುಯಲ್‌ನಲ್ಲಿ ಹೇಳಿದ ಕಿಲೋಮೀಟರ್ ಅವಧಿಗಿಂತ ಬೇಗ ಈ ಕೆಲಸ ಮಾಡಿ.

ಎರೆಮಣ್ಣಿನ ಲೆಕ್ಕವೇ ಬೇರೆ

ಗುಡ್ಡ ಇಳಿದು ಕೃಷ್ಣಾ, ಭೀಮಾ ಕಡೆಯ ಬಯಲಿಗೆ ಬಂದರೆ ಎರೆ ಭೂಮಿ. ಇದರ ಜೇಡಿಯ ಕಣಗಳು ನೀರು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ. ಮಳೆಯಾದ ಮೇಲೆ ಇದು ಟೈರಿಗೆ ಪದರ ಪದರವಾಗಿ ಅಂಟುತ್ತದೆ. ಮುಂದಿನ ಮಡ್‌ಗಾರ್ಡ್ ಟೈರಿಗೆ ಹತ್ತಿರವಿದ್ದರೆ ನಡುವೆ ಮಣ್ಣು ತುಂಬಿ ಚಕ್ರವೇ ತಿರುಗುವುದಿಲ್ಲ. ಆಫ್‌ರೋಡ್ ಬೈಕಿನ ಮುಂದಿನ ಮಡ್‌ಗಾರ್ಡ್ ಎತ್ತರದಲ್ಲಿರುವುದು ಚೆಂದಕ್ಕಲ್ಲ, ಇದಕ್ಕೇ. ಹಿಂದಿನ ಮಾಲೀಕರು ಅದನ್ನು ಬದಲಿಸಿದ್ದರೆ ಮೂಲದ್ದನ್ನೇ ಹಾಕಿಸಿ. ಅದಿದ್ದರೂ ಹಸಿ ಎರೆಯಲ್ಲಿ ಎಂಥ ಟೈರೂ ಜಾರುತ್ತದೆ. ಒಣಗುವವರೆಗೆ ಕಾಯುವುದೇ ಉಪಾಯ. ಚಕ್ಕಡಿ ಹೊಡೆಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 1519 ಎಂದಿದ್ದರೆ 2019ರ 15ನೇ ವಾರ ತಯಾರಾದದ್ದು. ಗಡ್ಡೆಗಳು ಪೂರ್ತಿ ಇದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. "ಗಾಳಿ ಜಾಸ್ತಿ ಹಾಕಿದರೆ ಪಂಕ್ಚರ್ ಆಗಲ್ಲ" ಎಂಬುದು ಇನ್ನೊಂದು ನಂಬಿಕೆ. ಬಳ್ಳಾರಿ ಜಾಲಿಯ ಮುಳ್ಳು ಗಾಳಿಯ ಒತ್ತಡ ನೋಡಿ ಚುಚ್ಚುವುದಿಲ್ಲ. ಜಾಸ್ತಿ ಗಾಳಿಯಿದ್ದರೆ ಟೈರ್ ಕಲ್ಲಿನ ಮೇಲೆ ಪುಟಿಯುತ್ತದೆ, ನೆಲಕ್ಕೆ ತಾಗುವ ಭಾಗವೂ ಕಡಿಮೆಯಾಗುತ್ತದೆ. ಟ್ಯೂಬ್ ಇರುವ ಬೈಕಿನಲ್ಲಿ ಮಣ್ಣುದಾರಿಗೆ ಸಾಮಾನ್ಯವಾಗಿ 18ರಿಂದ 20 ಪಿಎಸ್‌ಐಗೆ ಇಳಿಸುತ್ತಾರೆ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಡಾಂಬರಿಗೆ ಮರಳುವಾಗ ಮತ್ತೆ ಗಾಳಿ ತುಂಬಿಸಬೇಕು. ಒಂದು ಕೈಪಂಪು, ಬದಲಿ ಟ್ಯೂಬ್ ಜೊತೆಗಿರಲಿ.

ಬ್ರೇಕ್ ಆಯಿಲ್ "ಸ್ವಲ್ಪ ಹಾಕಿದರೆ ಸಾಕು" ಎಂದರೆ?

ಸಾಲದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ ಕನಿಷ್ಠ 155. ಗುಡ್ಡ ಇಳಿಯುವಾಗ ಸತತ ಬ್ರೇಕ್ ಹಿಡಿದು ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಲಿವರ್ ಹ್ಯಾಂಡಲ್‌ವರೆಗೆ ಬಂದರೂ ಗಾಡಿ ನಿಲ್ಲುವುದಿಲ್ಲ. ಹಳೆ ಗಾಡಿ ಕೊಂಡ ತಕ್ಷಣ ಪೂರ್ತಿ ಬದಲಿಸಿ, ಆಮೇಲೆ ಎರಡು ವರ್ಷಕ್ಕೊಮ್ಮೆ.

ಅಲುಗಾಡಿಸಿ, ತಟ್ಟಿ, ಕೇಳಿ

ಮುಂದಿನ ಚಕ್ರ ನೆಲಬಿಡುವಂತೆ ನಿಲ್ಲಿಸಿ ಫೋರ್ಕ್ ಹಿಡಿದು ಹಿಂದೆ ಮುಂದೆ ಎಳೆಯಿರಿ. ಟಕ್ ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿಕೊಂಡಂತಾದರೆ ಸವೆದಿದೆ. ಚಕ್ರವನ್ನು ಅಡ್ಡಡ್ಡ ಅಲುಗಾಡಿಸಿದರೆ ಬೇರಿಂಗ್ ಗೊತ್ತಾಗುತ್ತದೆ. ಸ್ಪೋಕ್‌ಗಳನ್ನು ಪಾನಾದಿಂದ ತಟ್ಟಿ: ಬಿಗಿಯಿದ್ದದ್ದು ಟಣ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಹಿಂದಿನ ಚೈನ್ ಚಕ್ರದ ತುದಿಯಲ್ಲಿ ಚೈನನ್ನು ಎಳೆದಾಗ ಅರ್ಧ ಹಲ್ಲಿಗಿಂತ ಹೆಚ್ಚು ಕಂಡರೆ ಚೈನ್ ಸೆಟ್ ಪೂರ್ತಿ ಬದಲಿಸಬೇಕು. ಚೈನಿಗೆ ಸುಟ್ಟ ಇಂಜಿನ್ ಆಯಿಲ್ ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಧೂಳನ್ನೂ ಹಿಡಿಯುತ್ತದೆ. ಇಂಜಿನ್ ಆಯಿಲ್ ಕಪ್ಪಾಗಿದ್ದರೆ ಗಾಬರಿ ಬೇಡ, ಹಾಲು ಬೆರೆಸಿದ ಕಾಫಿಯಂತಿದ್ದರೆ ಒಳಗೆ ನೀರು ಹೋಗಿದೆ. ನೀವು ನೋಡಲು ಹೋಗುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿದ್ದರೆ ಕೋಲ್ಡ್ ಸ್ಟಾರ್ಟ್ ತೊಂದರೆ ಮುಚ್ಚಿಹೋಗುತ್ತದೆ, ಕೈ ಇಟ್ಟು ನೋಡಿ.

ಗಡಿಯಾಚೆ ತೆಲಂಗಾಣದ ಗಾಡಿ ಅಗ್ಗವೆನಿಸಿದರೆ ಎನ್‌ಒಸಿ ಮತ್ತು ಕರ್ನಾಟಕದ ತೆರಿಗೆಯನ್ನೂ ಬೆಲೆಗೆ ಸೇರಿಸಿ ನೋಡಿ. ಚಾಸಿಸ್ ನಂಬರ್ ಆರ್‌ಸಿಯೊಂದಿಗೆ ಹೋಲಿಸಿ. ಕೆಎ 33ರ ಗಾಡಿಯಾದರೂ ಫಾರ್ಮ್ 29, 30 ತುಂಬಿ ಹೆಸರು ಬದಲಿಸಿಕೊಳ್ಳಿ.

ಬೇಸಿಗೆಯಲ್ಲಿ "ಟ್ಯಾಂಕ್ ಫುಲ್ ಮಾಡಿದರೆ ಸ್ಫೋಟ" ಎಂಬ ಫಾರ್ವರ್ಡ್ ಇಲ್ಲೂ ಸುತ್ತುತ್ತದೆ. ಇಂಡಿಯನ್ ಆಯಿಲ್ ಅದನ್ನು ಸುಳ್ಳೆಂದು ಹೇಳಿದೆ. ಕಿಡಿಯಿಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು ಸುಮಾರು 250 ಡಿಗ್ರಿ ಬೇಕು. ನಮ್ಮ ಬಿಸಿಲು ಎಷ್ಟೇ ಕಡುವಾಗಿದ್ದರೂ ಅಲ್ಲಿಗೆ ಮುಟ್ಟುವುದಿಲ್ಲ.

ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದು ನಿಂತರೆ ಸ್ಟಾರ್ಟ್ ಬಟನ್ ಒತ್ತಬೇಡಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕಬೇಕು. ಮನೆಗೆ ಬಂದು ವಾಟರ್ ಸರ್ವೀಸ್ ಮಾಡಿಸುವಾಗ ಪೈಪಿನ ಜೋರು ನೀರನ್ನು ಚಕ್ರದ ನಡುವೆ, ಹ್ಯಾಂಡಲ್ ಬುಡಕ್ಕೆ ಹಿಡಿಯಬೇಡಿ ಎಂದು ಹೇಳಿ. ಅಲ್ಲಿನ ಬೇರಿಂಗ್ ಗ್ರೀಸ್ ಕೊಚ್ಚಿಹೋಗುವುದು ಹಾಗೆಯೇ. ಅಂಟಿದ ಎರೆಮಣ್ಣು ಗಟ್ಟಿಯಾಗುವ ಮುನ್ನ ಬಕೆಟ್ ನೀರು, ಬ್ರಷ್ ಸಾಕು.