ಕುದುರೆಯ ಕಾಳು, ಮನೆಯ ಬಿಸ್ಕತ್ತು



ನೀವೆಲ್ಲ ಹುರುಳಿ ಸಾರು ಉಂಡವರೇ. ಪಕ್ಕದ ಮನೆಯ ತಮಿಳರು ಅದನ್ನು ಕೊಳ್ಳು ಎನ್ನುತ್ತಾರೆ, ತೆಲುಗರು ಉಲವಲು ಎನ್ನುತ್ತಾರೆ. ಇಂಗ್ಲಿಷಿನವರು ಮಾತ್ರ ಅದಕ್ಕೆ ಹಾರ್ಸ್ ಗ್ರಾಂ ಎಂದು ಹೆಸರಿಟ್ಟರು. ಅಂದರೆ ಕುದುರೆ ಕಾಳು. ನಮ್ಮ ಹೊಸೂರಿನ ಪಕ್ಕದ ಮತ್ತಿಗಿರಿಯಲ್ಲಿ ಕುಂಪನಿ ಸರ್ಕಾರ 1824ರಲ್ಲಿ ಸೈನ್ಯಕ್ಕಾಗಿ ಕುದುರೆ ಸಾಕುವ ಠಾಣ್ಯ ತೆರೆಯಿತು. ದೊರೆಗಳು ಹುರುಳಿಯನ್ನು ಕಂಡದ್ದು ಲಾಯದಲ್ಲಿ. ನಮ್ಮ ಅಜ್ಜಿಯರ ಒಲೆಯ ಮೇಲೆ ಕಾಣಲಿಲ್ಲ.

ಇದನ್ನು ಏಕೆ ಹೇಳಿದೆನೆಂದರೆ, ಇವತ್ತು ನಾನು ಮಾತಾಡಬೇಕಾದ್ದು ಓಟ್ಸ್ ಎಂಬ ಧಾನ್ಯದ ಬಗ್ಗೆ, ಅದರಿಂದ ಮಾಡುವ ಮೆತ್ತನೆಯ ಬಿಸ್ಕತ್ತಿನ ಬಗ್ಗೆ. ಈ ಧಾನ್ಯಕ್ಕೂ ಅದೇ ಅವಮಾನ ಆಗಿತ್ತು, ಅದೂ ಅದರ ಸ್ವಂತ ನೆಲದಲ್ಲಿ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ಓಟ್ಸ್ ಎಂಬ ಶಬ್ದಕ್ಕೆ ಅರ್ಥ ಬರೆದಾಗ, ಇಂಗ್ಲೆಂಡಿನಲ್ಲಿ ಇದನ್ನು ಕುದುರೆಗೆ ಹಾಕುತ್ತಾರೆ, ಸ್ಕಾಟ್‌ಲೆಂಡಿನಲ್ಲಿ ಜನ ತಿಂದು ಬದುಕುತ್ತಾರೆ ಎಂಬ ಭಾವ ಬರುವಂತೆ ಬರೆದ. ಅದಕ್ಕೆ ಒಬ್ಬ ಸ್ಕಾಟಿಷ್ ಪ್ರಭು, ಆದ್ದರಿಂದಲೇ ಇಂಗ್ಲೆಂಡಿನಲ್ಲಿ ಒಳ್ಳೆಯ ಕುದುರೆಗಳೂ ಸ್ಕಾಟ್‌ಲೆಂಡಿನಲ್ಲಿ ಒಳ್ಳೆಯ ಮನುಷ್ಯರೂ ಹುಟ್ಟುತ್ತಾರೆ ಎಂದು ಉತ್ತರ ಕೊಟ್ಟನೆಂಬ ಪ್ರತೀತಿ ಇದೆ. ನಿಘಂಟು ಬರೆಯುವವನು ಪಂಡಿತನಾದರೇನು, ತಿನ್ನುವವನ ತಟ್ಟೆ ನೋಡಿ ನಗುವುದು ಬಿಡಲಿಲ್ಲ.

ಸ್ಕಾಟ್‌ಲೆಂಡಿನದು ಚಳಿ, ಮಳೆ, ಬಡ ಮಣ್ಣು. ಗೋಧಿ ಸರಿಯಾಗಿ ಬಾರದ ಕಡೆ ಓಟ್ಸ್ ಬರುತ್ತದೆ. ನಮ್ಮ ಕೆಮ್ಮಣ್ಣಿನ ಹೊಲದಲ್ಲಿ ಭತ್ತ ಬಾರದಿದ್ದರೂ ರಾಗಿ ಕೈಬಿಡದಂತೆ. 1327ರ ಯುದ್ಧದ ವಿಷಯ ಬರೆದ ಫ್ರೊಯ್ಸಾರ್ ಎಂಬ ಫ್ರೆಂಚ್ ಚರಿತ್ರೆಕಾರ, ಸ್ಕಾಟಿಷ್ ಸೈನಿಕರು ಕುದುರೆಯ ಜೀನಿನ ಬಳಿ ಒಂದು ಚಪ್ಪಟೆ ಲೋಹದ ಹಲಗೆಯನ್ನೂ ಒಂದು ಚೀಲ ಓಟ್ಸ್ ಹಿಟ್ಟನ್ನೂ ಇಟ್ಟುಕೊಂಡು ಹೋಗುತ್ತಿದ್ದರೆಂದು ತಿಳಿಸುತ್ತಾನೆ. ಹೋದಲ್ಲಿ ಬೆಂಕಿ ಹಾಕಿ, ಹಲಗೆ ಕಾಯಿಸಿ, ಹಿಟ್ಟು ಕಲಸಿ ತೆಳ್ಳನೆಯ ರೊಟ್ಟಿ ಸುಡುತ್ತಿದ್ದರು. ನಮ್ಮ ಕಾವಲಿಯೇ ಅದು! ಆ ರೊಟ್ಟಿಯಲ್ಲಿ ಸಿಹಿಯಿಲ್ಲ, ಜಿಡ್ಡು ಕಡಿಮೆ, ಒಣಗಿದರೆ ಗಟ್ಟಿ. ಗಟ್ಟಿಯಾಗಿರುವುದೇ ಅದರ ಗುಣ, ಏಕೆಂದರೆ ಬಹಳ ದಿನ ಕೆಡಬಾರದು. ದೂರ ಹೋಗುವವನ ಬುತ್ತಿ ಮೆತ್ತಗಿರುವುದಿಲ್ಲ.

ಮೆತ್ತಗಾದದ್ದು ಅಮೆರಿಕದಲ್ಲಿ, ಅದೂ ಬಹಳ ತಡವಾಗಿ. ಅಲ್ಲಿ ಮೊದಲು ಓಟ್ಸ್ ಹಿಟ್ಟು ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ, ಕಾಯಿಲೆಯವರ ಗಂಜಿಗೆಂದು. ಉಳಿದದ್ದು ಮಾಮೂಲಿನಂತೆ ಕುದುರೆಗೆ. 1850ರ ದಶಕದಲ್ಲಿ ಫರ್ಡಿನಾಂಡ್ ಶೂಮಾಖರ್ ಎಂಬ ಜರ್ಮನಿಯಿಂದ ಬಂದ ವ್ಯಾಪಾರಿ ಒಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಓಟ್ಸ್ ಗಿರಣಿ ಹಾಕಿದ. ಪತ್ರಿಕೆಗಳು ನಕ್ಕವು, ಇನ್ನು ಜನ ಕುದುರೆಯಂತೆ ಕೆನೆಯಬೇಕೇನೋ ಎಂಬ ಧಾಟಿಯ ಹಾಸ್ಯಗಳು ಬಂದವು. ಆಮೇಲೆ ಕಾಳನ್ನು ಹಬೆಯಲ್ಲಿ ಬೇಯಿಸಿ ಉರುಳೆಯ ನಡುವೆ ಒತ್ತಿ, ನಮ್ಮ ಅವಲಕ್ಕಿಯ ಹಾಗೆ ಚಪ್ಪಟೆ ಮಾಡುವ ಕ್ರಮ ಬಂತು. ಬೇಗ ಬೇಯುತ್ತದೆ, ನೀರು ಹಿಡಿಯುತ್ತದೆ. 1877ರಲ್ಲಿ ಅದೇ ಒಹಾಯೋದ ರವೆನ್ನಾ ಊರಿನ ಗಿರಣಿಯವರು ಕ್ವೇಕರ್ ಎಂಬ ಗುರುತನ್ನು ನೋಂದಾಯಿಸಿದರು. ಆ ಗುರುತಿನ ಡಬ್ಬಿಯನ್ನು ನೀವೂ ಅಂಗಡಿಯಲ್ಲಿ ನೋಡಿದ್ದೀರಿ.

ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಫ್ಯಾನಿ ಫಾರ್ಮರ್. ಹದಿನಾರರ ವಯಸ್ಸಿಗೆ ಪಾರ್ಶ್ವವಾಯು ಬಡಿದು ವರ್ಷಗಟ್ಟಲೆ ನಡೆಯಲಾರದೆ ಮನೆಯಲ್ಲಿದ್ದವಳು, ಮುಂದೆ ಬಾಸ್ಟನ್ನಿನ ಅಡುಗೆ ಶಾಲೆಯ ಮುಖ್ಯಸ್ಥೆಯಾದಳು. 1896ರಲ್ಲಿ ಅವಳ ಅಡುಗೆ ಪುಸ್ತಕ ಹೊರಬಂತು. ಪ್ರಕಾಶಕರಿಗೆ ನಂಬಿಕೆ ಸಾಲದೆ ಮೊದಲ 3,000 ಪ್ರತಿಗಳ ಖರ್ಚನ್ನು ಅವಳೇ ಹೊರಬೇಕಾಯಿತು. ಮುಂದೆ ಪುಸ್ತಕ ಹೋದ ವೇಗ ನೋಡಿದರೆ, ಸಾಲ ಕೊಡಲು ಹೆದರುವ ಮ್ಯಾನೇಜರುಗಳಿಗೆ ಓದಿಸಬೇಕಾದ ಕಥೆ ಅದು. ಅವಳು ಒತ್ತಿ ಹೇಳಿದ್ದು ಒಂದೇ ಮಾತು: ಅಳತೆ ಸಮನಾಗಿರಬೇಕು. ಬಟ್ಟಲು ತುಂಬಿಸಿ, ಚಾಕುವಿನ ಬೆನ್ನಿನಿಂದ ಬಾಯಿ ಎಳೆದು, ಉಳಿದದ್ದನ್ನು ಕೆಳಗೆ ಬೀಳಿಸಬೇಕು. ಪೈಸೆ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಲೆಡ್ಜರಿನ ಮುಂದೆ ಕುಳಿತ ನನಗೆ ಆ ತಾಯಿಯ ಮೇಲೆ ಗೌರವ.

ಅವಳ ಪುಸ್ತಕದಲ್ಲಿ ಓಟ್ಸ್ ಬಿಸ್ಕತ್ತು ಇದೆ. ಆದರೆ ಅದು ಲಟ್ಟಿಸಿ ಕತ್ತರಿಸುವ ಜಾತಿ, ಗೋಧಿ ಹಿಟ್ಟೇ ಹೆಚ್ಚು, ದ್ರಾಕ್ಷಿ ಇಲ್ಲ. 1908ರಲ್ಲಿ ಕ್ವೇಕರಿನವರು ಡಬ್ಬಿಯ ಮೇಲೆ ಬಿಸ್ಕತ್ತು ಮಾಡುವ ವಿಧಾನ ಅಚ್ಚು ಹಾಕಿಸಿದರು. ಮೊದಲ ಮಹಾಯುದ್ಧದಲ್ಲಿ, 1917-18ರಲ್ಲಿ, ಗೋಧಿಯನ್ನು ಯುರೋಪಿಗೆ ಕಳಿಸಬೇಕಾಗಿ ಬಂದಾಗ ಗೋಧಿ ಬಿಟ್ಟು ಓಟ್ಸ್, ಜೋಳ ಬಳಸಿರೆಂದು ಅಮೆರಿಕದ ಸರ್ಕಾರವೇ ಮನೆಮನೆಗೆ ಹೇಳಿತು. ಬರಬರುತ್ತಾ ಚಪ್ಪಟೆ ಓಟ್ಸ್, ಬೆಣ್ಣೆ, ಕಂದು ಸಕ್ಕರೆ ಹೆಚ್ಚಾಗಿ, ಲಟ್ಟಣಿಗೆ ಬಿಟ್ಟು ಚಮಚದಿಂದ ತಟ್ಟೆಗೆ ಬೀಳಿಸುವ ಮೆತ್ತನೆಯ ಬಿಸ್ಕತ್ತು ರೂಢಿಗೆ ಬಂತು. ಆಸ್ಟ್ರೇಲಿಯಾದವರದು ಬೇರೆ ದಾರಿ. 1915ರ ಗಲ್ಲಿಪೊಲಿ ಯುದ್ಧದ ಸೈನಿಕರ ಹೆಸರಿನಲ್ಲಿ ಅವರು ಮಾಡುವ ಆನ್ಜಾಕ್ ಬಿಸ್ಕತ್ತಿಗೆ ಮೊಟ್ಟೆ ಇಲ್ಲ, ಸಕ್ಕರೆ ಪಾಕ ಉಂಟು. ಅದನ್ನು ಕುಕೀ ಎಂದು ಕರೆದು ಮಾರುವಂತಿಲ್ಲ, ಸರ್ಕಾರ ಒಪ್ಪುವುದಿಲ್ಲ!

ಮೆತ್ತಗಿರುವ ಗುಟ್ಟು ಕಂದು ಸಕ್ಕರೆಯಲ್ಲಿದೆ. ಅದರಲ್ಲಿ ಕಾಕಂಬಿಯ ಅಂಶ ಉಳಿದಿರುತ್ತದೆ. ಅದು ತೇವವನ್ನು ಹಿಡಿದಿಡುತ್ತದೆ. ನಮ್ಮ ಬೆಲ್ಲಕ್ಕೂ ಅದೇ ಗುಣ. ಮಳೆಗಾಲದಲ್ಲಿ ಬೆಲ್ಲ ಬೆವರುವುದನ್ನು ನೀವು ಕಂಡಿಲ್ಲವೇ?

ನನ್ನ ಮನೆಯ ಮಾತು ಒಂದಿಷ್ಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಮ್ಮ ಡಬ್ಬಿಗೆ ರಾಗಿ ಮುದ್ದೆ, ಹುರುಳಿ ಸಾರು ಹಾಕಿ ಕಳಿಸುತ್ತಿದ್ದರು. ಒಂದು ಮಧ್ಯಾಹ್ನ ಜೊತೆಯವರೊಬ್ಬರು ಡಬ್ಬಿ ನೋಡಿ, ಏನ್ರೀ, ಕುದುರೆ ಮೇವು ತಂದಿದ್ದೀರಿ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುದಿನದಿಂದ ಅನ್ನ ಮೊಸರು ಒಯ್ದೆ. "ಯಾಕಪ್ಪಾ, ಮುದ್ದೆ ಸೇರಲಿಲ್ವಾ?" ಎಂದು ಅಮ್ಮ ಕೇಳಿದಾಗ, ಹೊಟ್ಟೆಗೆ ಭಾರ ಆಗುತ್ತಮ್ಮಾ ಎಂದು ಸುಳ್ಳು ಹೇಳಿದೆ. ಅವರು ಮತ್ತೆ ಕೇಳಲಿಲ್ಲ. ಈಗ ಡಾಕ್ಟರು ನನಗೆ ಬರೆದುಕೊಟ್ಟಿರುವುದು ರಾಗಿ, ಇಲ್ಲವೇ ಓಟ್ಸ್. ಅಮ್ಮ ಇಲ್ಲ.

ಆ ಓಟ್ಸ್ ಡಬ್ಬಿ ನೋಡಿಯೇ ಮೊಮ್ಮಗಳು ಬಿಸ್ಕತ್ತು ಮಾಡಲು ಹೊರಟದ್ದು. ಮೊದಲ ಸಲ ಓಡಿನ ಚೂರಿನಂತೆ ಆಯಿತು. ಗಟ್ಟಿಯಾಗುವವರೆಗೂ ಒಲೆಯಲ್ಲೇ ಬಿಟ್ಟಿದ್ದಳು. ಎಲ್ಲರೂ ಮಾಡುವ ತಪ್ಪು ಅದೇ. ಈಗ ನಾವು ಮಾಡುವ ಕ್ರಮ ಹೇಳುತ್ತೇನೆ, ಬರೆದುಕೊಳ್ಳಿ. ಬೆಣ್ಣೆ 100 ಗ್ರಾಂ, ಪುಡಿ ಬೆಲ್ಲ 125 ಗ್ರಾಂ ಸೇರಿಸಿ ಚೆನ್ನಾಗಿ ನಾದಿ, ಒಂದು ಮೊಟ್ಟೆ ಒಡೆದು ಹಾಕಿ. ಮೈದಾ 100 ಗ್ರಾಂ, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಸ್ವಲ್ಪ ಚಕ್ಕೆ ಪುಡಿ. ಕೊನೆಗೆ ಓಟ್ಸ್ 130 ಗ್ರಾಂ, ಒಣದ್ರಾಕ್ಷಿ ಒಂದು ಹಿಡಿ. ಕಲಸಿದ್ದನ್ನು ಅರ್ಧ ಗಂಟೆ ತಣ್ಣಗೆ ಇಡಿ, ಓಟ್ಸ್ ತೇವ ಕುಡಿಯಲಿ. ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ದೂರ ದೂರ ಇಟ್ಟು, ಮೊದಲೇ ಕಾದ 180 ಡಿಗ್ರಿಯ ಓವನ್ನಿನಲ್ಲಿ 10ರಿಂದ 12 ನಿಮಿಷ. ಅಂಚು ಕೆಂಪಾಗಿ, ನಡು ಇನ್ನೂ ಬೆಂದಿಲ್ಲವೇನೋ ಎನ್ನಿಸುವಾಗಲೇ ತೆಗೆಯಬೇಕು. ಐದು ನಿಮಿಷ ತಟ್ಟೆಯಲ್ಲೇ ಬಿಡಿ. ಆ ಬಿಸಿಗೇ ನಡು ಹದಕ್ಕೆ ಬರುತ್ತದೆ. ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒಂದು ತುಂಡು ಬ್ರೆಡ್ ಜೊತೆಗಿಟ್ಟರೆ ಮೆತ್ತಗೇ ಉಳಿಯುತ್ತವೆ.

ಕಳೆದ ತಿಂಗಳು ಮೊಮ್ಮಗಳು ಮೈದಾದಲ್ಲಿ ಅರ್ಧ ತೆಗೆದು ರಾಗಿ ಹಿಟ್ಟು ಹಾಕಿದಳು. ಬಣ್ಣ ಕಪ್ಪಾಯಿತು, ವಾಸನೆ ನಮ್ಮ ಅಡುಗೆ ಮನೆಯದೇ ಬಂತು. ಎಂಟು ಬಿಸ್ಕತ್ತು ಶಾಲೆಯ ಡಬ್ಬಿಗೆ ಹೋದವು. ಹಾಗೆ ಮಾಡುವುದಾದರೆ ಎರಡು ಚಮಚ ಹಾಲು ಹೆಚ್ಚಿಗೆ ಹಾಕಿಕೊಳ್ಳಿ, ರಾಗಿ ತೇವ ಎಳೆಯುತ್ತದೆ.